ಚೌಕಳಿ ಬಟ್ಟೆಯೂ ವಂಶಾವಳಿಯೂ

ಮಗಳು ಸ್ಕಾಟ್‌ಲೆಂಡಿನ ಇನ್ವರ್ನೆಸ್ ಎಂಬ ಊರಿನಲ್ಲಿ ಡಾಕ್ಟರಾಗಿದ್ದಾಳೆ. ಅವಳ ಬಾಣಂತನಕ್ಕೆಂದು ಹೋದವಳು ಐದು ತಿಂಗಳು ಅಲ್ಲಿದ್ದು ಬಂದೆ. ವಿದೇಶಕ್ಕೆ ಬಾಣಂತನಕ್ಕೆ ಹೋಗಿಬಂದ ತಾಯಂದಿರು ಹೇಳುವ ಚಳಿಯ ಕಥೆ, ಕೊತ್ತಂಬರಿ ಸೊಪ್ಪಿನ ರೇಟಿನ ಕಥೆ ನಿಮಗೆಲ್ಲ ಬಾಯಿಪಾಠ ಆಗಿರುತ್ತದೆ. ಅದನ್ನು ಮತ್ತೆ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ನನಗೆ ಹೇಳಬೇಕಾಗಿರುವುದು ಪಕ್ಕದ ಮನೆಯ ಅಜ್ಜಿಯ ಬಗ್ಗೆ, ಅವರು ಬರೆದ ಒಂದು ಪುಸ್ತಕದ ಬಗ್ಗೆ. ಅಜ್ಜಿ ಎಂದೆ, ನೋಡಿದರೆ ನನಗಿಂತ ಹೆಚ್ಚೆಂದರೆ ಹದಿನೈದು ವರ್ಷ ದೊಡ್ಡವರು. ಶಾಲೆಯ ಟೀಚರಾಗಿ ನಿವೃತ್ತರಾದವರು, ಗಂಡ ತೀರಿಹೋಗಿದ್ದಾರೆ.

ಅವರ ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. ಮದುಮಗನಿಗೆ ಕಿಲ್ಟಿನ ಅಳತೆ ಕೊಡಲು ಪೇಟೆಗೆ ಹೊರಟಾಗ ನನ್ನನ್ನೂ ಕರೆದರು. ಮಗು ಮಲಗಿತ್ತು, ಮಗಳು 'ಹೋಗಿ ಬಾ ಅಮ್ಮಾ, ಗಾಳಿಯಾದರೂ ಬೀಸಲಿ' ಎಂದಳು, ಹೋದೆ. ಅಂಗಡಿಯಾತ ಟೇಪು ಹಿಡಿದು ಹುಡುಗನ ಸೊಂಟ ಅಳೆದ. ಒಂದು ಒಳ್ಳೆಯ ಕಿಲ್ಟಿಗೆ ಎಂಟು ಗಜ ಬಟ್ಟೆ ಬೇಕಂತೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಹದಿನಾರು ಮೊಳ. ನಮ್ಮಜ್ಜಿ ಉಡುತ್ತಿದ್ದದ್ದು ಹದಿನೆಂಟು ಮೊಳದ ಸೀರೆ. ಗಂಡಸರ ಮೊಣಕಾಲಿನವರೆಗಿನ ಉಡುಪಿಗೆ ಇಷ್ಟು ಬಟ್ಟೆ ನುಂಗುವ ವಿದ್ಯೆ ಯಾವುದಪ್ಪ ಎಂದು ನೋಡಿದರೆ ಎಲ್ಲವೂ ಹಿಂದಿನ ನೆರಿಗೆಯಲ್ಲಿತ್ತು.

ಅಂಗಡಿಯಾತ ಸುಮ್ಮನಿರದೆ ನನ್ನನ್ನೂ ಕೇಳಿದ, 'ನಿಮ್ಮ ಮನೆತನದ ಹೆಸರೇನು? ಅದಕ್ಕೂ ಒಂದು ಚೌಕಳಿ ಇದ್ದೀತು.' ಅಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಬಗೆಯ ಚೌಕಳಿ ಬಟ್ಟೆ, ಅದನ್ನು ಟಾರ್ಟನ್ ಎನ್ನುತ್ತಾರೆ. ಸಿಖ್ಖರು ತಮ್ಮ ಸಿಂಗ್ ಹೆಸರಿಗೂ ಒಂದನ್ನು ಮಾಡಿಸಿಕೊಂಡಿದ್ದಾರೆ. ನಾನು ತಡವರಿಸಿದೆ. ನನ್ನ ಹೆಸರಿನ ಮುಂದಿರುವುದು ಅಪ್ಪನ ಹೆಸರಿನ ಅಕ್ಷರ, ಪಾಸ್‌ಪೋರ್ಟಿನಲ್ಲಿರುವುದು ಗಂಡನ ಹೆಸರು, ಊರಿನವರು ನಮ್ಮನ್ನು ಗುರುತಿಸುವುದು ಬೈಲಿನ ಹೆಸರಿನಿಂದ. ಇದರಲ್ಲಿ ಯಾವುದಕ್ಕೆ ಚೌಕಳಿ ಹಾಕಿಸುವುದು?

ಹೊರಗೆ ಬಂದ ಮೇಲೆ ಅಜ್ಜಿ ನಕ್ಕು, 'ಅವನ ಮಾತಿಗೆ ಮರುಳಾಗಬೇಡಿ, ಇದರಲ್ಲಿ ಅರ್ಧಕ್ಕರ್ಧ ಕಟ್ಟುಕಥೆ' ಎಂದರು. ಅವರಿಂದಲೇ ತಿಳಿದ ಕಥೆ ಇದು. 1746ರ ಏಪ್ರಿಲಿನಲ್ಲಿ ಇನ್ವರ್ನೆಸ್ಸಿನ ಪಕ್ಕದ ಕಲೊಡನ್ ಬಯಲಿನಲ್ಲಿ ಗುಡ್ಡಗಾಡಿನ ಹೈಲ್ಯಾಂಡರ ಸೈನ್ಯ ಸೋತಿತು. ಅದೇ ವರ್ಷ ಸರ್ಕಾರ ಅವರ ಉಡುಪನ್ನೇ ನಿಷೇಧಿಸಿ ಕಾನೂನು ಮಾಡಿತು. ಮೊದಲ ಸಲ ತೊಟ್ಟು ಸಿಕ್ಕಿಬಿದ್ದರೆ ಆರು ತಿಂಗಳ ಜೈಲು, ಎರಡನೆಯ ಸಲಕ್ಕೆ ಏಳು ವರ್ಷ ಗಡೀಪಾರು. ಕಾನೂನಿನಲ್ಲಿದ್ದದ್ದು ಗಂಡಸರು ಮತ್ತು ಹುಡುಗರು ಮಾತ್ರ, ಹೆಂಗಸರ ಮಾತೇ ಇರಲಿಲ್ಲ. ಹೆಂಗಸರು ಏನು ಉಟ್ಟರೂ ರಾಜ್ಯಕ್ಕೆ ಅಪಾಯವಿಲ್ಲ ಎಂದುಕೊಂಡಿರಬೇಕು! 1782ರಲ್ಲಿ ನಿಷೇಧ ಹೋಯಿತು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಕ್ಕೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ದೊರೆಗೂ ಕಿಲ್ಟು ತೊಡಿಸಿ ಮೆರೆಸಿದ. ಅಲ್ಲಿಂದ ಮುಂದೆ ಎಲ್ಲರಿಗೂ 'ನಮ್ಮ ಮನೆತನದ ಬಟ್ಟೆ ಯಾವುದು' ಎನ್ನುವ ಹುಚ್ಚು. ಬ್ಯಾನಕ್‌ಬರ್ನಿನ ನೇಕಾರರ ಕಂಪೆನಿಯೊಂದು ಬರೀ ನಂಬರು ಹಾಕಿ ಮಾರುತ್ತಿದ್ದ ವಿನ್ಯಾಸಗಳಿಗೆ ಮನೆತನದ ಹೆಸರು ಕೊಟ್ಟು ಮಾರತೊಡಗಿತು. 1842ರಲ್ಲಿ ರಾಜವಂಶದವರೆಂದು ಹೇಳಿಕೊಂಡ ಅಣ್ಣತಮ್ಮಂದಿರಿಬ್ಬರು ಹಳೆಯ ಹಸ್ತಪ್ರತಿಯಿಂದ ತೆಗೆದದ್ದೆಂದು ಒಂದು ಚೌಕಳಿಗಳ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಅದು ಅವರದೇ ಸೃಷ್ಟಿ ಎಂದು ಆಮೇಲೆ ಗೊತ್ತಾಯಿತು. ಆದರೇನು, ಇಂದಿಗೂ ಅನೇಕ ಮನೆತನಗಳು ಉಡುವುದು ಅದರಿಂದ ಬಂದ ಬಟ್ಟೆಯನ್ನೇ. 2009ರಿಂದ ಈ ವಿನ್ಯಾಸಗಳನ್ನು ನೋಂದಾಯಿಸಲು ಸರ್ಕಾರದ್ದೇ ಒಂದು ದಫ್ತರವೂ ಇದೆ.

'ಹಾಗಾದರೆ ನಿಮ್ಮ ಮನೆಯದೂ ಸುಳ್ಳೇ?' ಎಂದು ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. 'ಸುಳ್ಳೇ. ಆದರೆ ನನ್ನ ಅಪ್ಪನ ಮದುವೆಗೂ ಅದೇ, ಅವನ ಶವದ ಪೆಟ್ಟಿಗೆಯ ಮೇಲೆ ಹೊದಿಸಿದ್ದೂ ಅದೇ. ಇನ್ನು ಅದನ್ನು ಸುಳ್ಳು ಎಂದು ಹೇಗೆ ಬಿಸಾಡಲಿ?' ಎಂದರು. ನನಗೆ ಅದು ಸರಿಯೆನಿಸಿತು. ನಮ್ಮ ಮನೆಗಳಲ್ಲಿ ಅನಾದಿಕಾಲದಿಂದ ಬಂದದ್ದೆಂದು ಮಾಡುವ ಎಷ್ಟೋ ಶಾಸ್ತ್ರಗಳು ನಮ್ಮ ಅತ್ತೆಯಂದಿರ ಕಾಲದಲ್ಲಿ ಶುರುವಾದದ್ದು ನಮಗೇ ಗೊತ್ತಿಲ್ಲವೆ? ಬಟ್ಟೆಯ ಸುಳ್ಳು ಯಾರ ಅನ್ನವನ್ನೂ ಕಿತ್ತುಕೊಳ್ಳುವುದಿಲ್ಲ. ಅಂಥ ಸುಳ್ಳನ್ನು ಸಂತೋಷವಾಗಿ ಉಡಬಹುದು. ನಾನು ಹೇಳಹೊರಟಿರುವುದು ಬೇರೊಂದು ಬಗೆಯ ಸುಳ್ಳನ್ನು.

ಅಜ್ಜಿ ಮೊಮ್ಮಗಳ ಮದುವೆಗೆ ಉಡುಗೊರೆಯಾಗಿ ತಮ್ಮ ವಂಶದ ಕಥೆ ಬರೆಯುತ್ತಿದ್ದರು. ನಲವತ್ತು ಪ್ರತಿ ಮಾಡಿಸಿ ನೆಂಟರಿಗೆ ಹಂಚುವ ಲೆಕ್ಕ. ಮಧ್ಯಾಹ್ನ ಮಗು ಮಲಗಿದ ಹೊತ್ತಿಗೆ ನಾನು ಅವರಲ್ಲಿಗೆ ಹೋಗುತ್ತಿದ್ದೆ. ಅವರು ಒಂದು ಮರದ ಪೆಟ್ಟಿಗೆ ತೆಗೆದು ಮೇಜಿನ ಮೇಲೆ ಹರವಿಕೊಂಡು ಕೂತಿರುತ್ತಿದ್ದರು. ಅದರಲ್ಲಿ ಒಂದು ಉಣ್ಣೆಯ ಹೊದಿಕೆ, ಮನೆಯ ಹುಟ್ಟು ಸಾವುಗಳನ್ನು ಮೊದಲ ಪುಟದಲ್ಲಿ ಬರೆದಿಟ್ಟ ದಪ್ಪ ಬೈಬಲ್, ಒಂದು ಕಟ್ಟು ಕಾಗದ, ಮತ್ತು ಎಣ್ಣೆ ಕಲೆಯಾದ ಒಂದು ಅಡುಗೆಯ ಚೀಟಿ. ಚೀಟಿಯಲ್ಲಿದ್ದದ್ದು ಕ್ಲೂಟಿ ಡಂಪ್ಲಿಂಗ್ ಎಂಬ ಸಿಹಿ. ಹಿಟ್ಟು, ಒಣದ್ರಾಕ್ಷಿ, ಸಕ್ಕರೆ, ಕೊಬ್ಬು ಕಲಸಿ ಹಿಟ್ಟು ಉದುರಿಸಿದ ಬಟ್ಟೆಯಲ್ಲಿ ಗಂಟು ಕಟ್ಟಿ ಗಂಟೆಗಟ್ಟಲೆ ಕುದಿಸುವುದು. ನನಗೋಸ್ಕರ ಪ್ರಾಣಿಯ ಕೊಬ್ಬು ಬಿಟ್ಟು ಸಸ್ಯದ ಕೊಬ್ಬು ಹಾಕಿ ಮಾಡಿದರು. ಬಟ್ಟೆ ಬಿಚ್ಚುವಾಗ ಬಂದ ಹಬೆಯ ವಾಸನೆಗೆ ನನಗೆ ನಮ್ಮೂರಿನ ಕೊಟ್ಟೆ ಕಡುಬಿನ ನೆನಪಾಯಿತೆಂದರೆ ನಂಬುತ್ತೀರಾ?

ಹೊದಿಕೆ ನೇಯ್ದದ್ದು ಅವರ ಅಜ್ಜಿಯ ಊರಾದ ಪಶ್ಚಿಮದ ದ್ವೀಪದಲ್ಲಿ. ಅಲ್ಲಿ ಹೊಸದಾಗಿ ನೇಯ್ದ ಉಣ್ಣೆಯ ಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸಿ, ಉದ್ದನೆಯ ಹಲಗೆಯ ಸುತ್ತ ಹೆಂಗಸರು ಕೂತು ಬಡಿದು ಗಟ್ಟಿ ಮಾಡುತ್ತಿದ್ದರು. ಬಡಿತಕ್ಕೆ ಸರಿಯಾಗಿ ಒಬ್ಬಳು ಹಾಡಿದರೆ ಉಳಿದವರು ಪಲ್ಲವಿ ಹಿಡಿಯುವುದು. ನಮ್ಮ ಬೀಸುವ ಪದ, ಕುಟ್ಟುವ ಪದಗಳಂತೆಯೇ. ಹಾಡುಗಳು ಗೇಲಿಕ್ ಭಾಷೆಯವು. ಅಜ್ಜಿಗೆ ರಾಗ ಗೊತ್ತು, ಮಾತು ಬರುವುದಿಲ್ಲ. ಅವರ ತಾಯಿ ಶಾಲೆಯಲ್ಲಿ ಗೇಲಿಕ್ ಮಾತಾಡಿ ಪೆಟ್ಟು ತಿಂದವರು, ಮಕ್ಕಳಿಗೆ ಕಲಿಸಲಿಲ್ಲ. 2022ರ ಜನಗಣತಿಯಲ್ಲಿ ಆ ಭಾಷೆಯನ್ನು ಸ್ವಲ್ಪವಾದರೂ ಬಲ್ಲವರು ನೂರಕ್ಕೆ ಎರಡೂವರೆ ಮಂದಿ. ಮದುಮಗಳು ಈಗ ಮೊಬೈಲಿನಲ್ಲಿ ಪಾಠ ಕೇಳಿ ಕಲಿಯುತ್ತಿದ್ದಾಳೆ. ಕ್ಲಾನ್ ಎಂದರೆ ನಾವು ಕುಲ ಎಂದುಕೊಳ್ಳುತ್ತೇವಲ್ಲ, ಆ ಭಾಷೆಯಲ್ಲಿ ಅದರ ಅರ್ಥ 'ಮಕ್ಕಳು' ಎಂದು ಹೇಳಿದವಳು ಅವಳೇ.

ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ್ದು ಮಾತ್ರ ಬೇರೆ. ಆ ದೇಶದಲ್ಲಿ 1855ರಿಂದ ಹುಟ್ಟು, ಮದುವೆ, ಸಾವುಗಳ ಕಡ್ಡಾಯ ದಾಖಲೆ ಇದೆ. ಅದರಲ್ಲಿ ಅಪ್ಪನ ಹೆಸರಿನ ಜೊತೆಗೆ ಅಮ್ಮನ ಹೆಸರು, ಅದೂ ಅವಳ ತವರಿನ ಹೆಸರು ಇರುತ್ತದೆ. ಪಕ್ಕದ ಇಂಗ್ಲೆಂಡಿನಲ್ಲಿ ಮದುವೆಯ ದಾಖಲೆಗೆ ತಾಯಿಯ ಹೆಸರು ಸೇರಿದ್ದೇ 2021ರಲ್ಲಿ. ಸ್ಕಾಟ್‌ಲೆಂಡಿನ ಹಳೆಯ ಸಮಾಧಿ ಕಲ್ಲುಗಳನ್ನು ನೋಡಬೇಕು. ಗಂಡನ ಪಕ್ಕದಲ್ಲಿ ಮಲಗಿದ ಹೆಂಡತಿಗೆ ಅಲ್ಲಿ ತನ್ನದೇ ಹೆಸರು, ಅವಳು ಹುಟ್ಟಿದ ಮನೆಯ ಹೆಸರು. ಹಾಗಾಗಿ ಅಜ್ಜಿ ಎಡಿನ್‌ಬರೋದ ದಾಖಲೆ ಕಚೇರಿಗೆ ಹೋಗಿ ಮಗಳಿಂದ ತಾಯಿಗೆ, ತಾಯಿಯಿಂದ ಅವಳ ತಾಯಿಗೆ ಹೆಣ್ಣಿನ ದಾರಿಯಲ್ಲೇ ಆರು ತಲೆ ಹಿಂದಕ್ಕೆ ನಡೆದುಬಿಟ್ಟಿದ್ದರು. (ನಮ್ಮ ಊರೂರಿನ ಕೈಫಿಯತ್ತುಗಳನ್ನು ಬರೆಸಿ ಕೂಡಿಟ್ಟ ಕರ್ನಲ್ ಮೆಕೆಂಜಿಯೂ ಆ ನಾಡಿನ ಲೂಯಿಸ್ ದ್ವೀಪದವನೇ. ಬರೆದಿಡುವ ಚಟ ಅವರಿಗೆ ರಕ್ತದಲ್ಲೇ ಬಂದಿರಬೇಕು.)

'ನಿಮ್ಮ ಅಜ್ಜಿಯ ಹೆಸರೇನು?' ಎಂದು ಕೇಳಿದರು. ಹೇಳಿದೆ. 'ಅದು ಮದುವೆಗೆ ಮೊದಲಿನದೇ?' ಎಂದರು. ಅಲ್ಲ, ಅದು ಗಂಡನ ಮನೆಯವರು ಧಾರೆಯ ದಿನ ಅಕ್ಕಿಯ ಮೇಲೆ ಬರೆದು ಇಟ್ಟ ದೇವಿಯ ಹೆಸರು. ಹುಟ್ಟಿದಾಗ ಅವಳ ಅಪ್ಪ ಅಮ್ಮ ಏನೆಂದು ಕರೆದರೋ ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಅವಳ ಮಗ್ಗುಲಲ್ಲಿ ಮಲಗಿದವಳು ನಾನು. ಆ ರಾತ್ರಿಯೇ ಊರಿಗೆ ಫೋನು ಮಾಡಿ ಸಣ್ಣತ್ತೆಯನ್ನು ಕೇಳಿದೆ. ಅವರಿಗೂ ಗೊತ್ತಿಲ್ಲ. 'ಈಗ ಅದೆಲ್ಲ ಯಾಕೆ ಮಾರಾಯ್ತಿ, ಮಗುವಿಗೆ ಎಣ್ಣೆ ಹಚ್ಚಿದಿಯಾ?' ಎಂದರು.

ಜೂನ್ ತಿಂಗಳಲ್ಲಿ ಒಂದು ದಿನ ಅಜ್ಜಿ ನಮ್ಮನ್ನು ಉತ್ತರದ ಸ್ಟ್ರಾತ್‌ನೇವರ್ ಕಣಿವೆಗೆ ಕರೆದುಕೊಂಡು ಹೋದರು. ಅವರ ತಂದೆಯ ಕಡೆಯವರ ಮೂಲ ಅಲ್ಲಿ. ಹೊಳೆ, ಹಸಿರು, ಎಲ್ಲಿ ನೋಡಿದರೂ ಕುರಿ. ಹುಲ್ಲಿನಲ್ಲಿ ಮೊಣಕಾಲೆತ್ತರದ ಕಲ್ಲಿನ ಗೋಡೆಗಳು ಸಾಲುಸಾಲಾಗಿ ಕಾಣುತ್ತವೆ. ಒಂದು ಕಾಲಕ್ಕೆ ಅವು ಮನೆಗಳು. 1814 ಮತ್ತು 1819ರಲ್ಲಿ ಅಲ್ಲಿನ ಒಕ್ಕಲುಗಳನ್ನು ಎಬ್ಬಿಸಿ, ಮತ್ತೆ ಬಂದು ಸೇರದಂತೆ ಮಾಡಿಗೆ ಬೆಂಕಿ ಇಟ್ಟರು. ಕುರಿ ಸಾಕಿದರೆ ಹೆಚ್ಚು ಗೇಣಿ ಬರುತ್ತದೆ ಎನ್ನುವುದೇ ಕಾರಣ. ಜಮೀನಿನ ಒಡತಿ ಒಬ್ಬ ಹೆಂಗಸು, ಸದರ್‌ಲೆಂಡಿನ ಕೌಂಟೆಸ್. ಉರಿಯುವ ಮನೆಯಿಂದ ಹೊರಗೆ ಹೊತ್ತು ತಂದ ಹಣ್ಣು ಮುದುಕಿಯೊಬ್ಬಳು ಕೆಲವೇ ದಿನಗಳಲ್ಲಿ ಸತ್ತಳೆಂದು ಪಾರುಪತ್ಯಗಾರನ ಮೇಲೆ 1816ರಲ್ಲಿ ಇನ್ವರ್ನೆಸ್ಸಿನಲ್ಲಿ ಮೊಕದ್ದಮೆ ನಡೆಯಿತು. ನಿರಪರಾಧಿಯೆಂದು ಬಿಟ್ಟರು. 'ಮಕ್ಕಳು' ಎಂಬ ಅರ್ಥದ ಕುಲದ ಹೆಸರಿಟ್ಟುಕೊಂಡ ನಾಡಿನಲ್ಲಿ ಎಷ್ಟೋ ಕಡೆ ಮಕ್ಕಳನ್ನು ಹೊರದೂಡಿದವರು ಕುಲದ ಯಜಮಾನರೇ.

ಹಿಂತಿರುಗುವಾಗ ದಾರಿ ಬಿಟ್ಟು ಒಳಗೆ ಹೋಗಿ ಕ್ರೋಯಿಕ್ ಎಂಬಲ್ಲಿ ಒಂದು ಸಣ್ಣ ಇಗರ್ಜಿ ತೋರಿಸಿದರು. 1845ರಲ್ಲಿ ಗ್ಲೆನ್‌ಕ್ಯಾಲ್ವಿ ಕಣಿವೆಯಿಂದ ಎಬ್ಬಿಸಿದ ಕುಟುಂಬಗಳು ಅದರ ಸ್ಮಶಾನದ ಅಂಗಳದಲ್ಲಿ ಕಂಬಳಿ ಕಟ್ಟಿಕೊಂಡು ದಿನ ಕಳೆದವಂತೆ. ಕಿಟಕಿಯ ಗಾಜಿನ ಮೇಲೆ ಹೊರಗಿನಿಂದ ಅವರು ಗೀಚಿದ ಅಕ್ಷರಗಳು ಇನ್ನೂ ಇವೆ. ತಾವು ಕೆಟ್ಟ ಪೀಳಿಗೆಯವರು ಎಂದು ಬರೆದಿದ್ದಾರೆ. ಮನೆ ಕಳೆದುಕೊಂಡವರು ಅದು ತಮ್ಮದೇ ಪಾಪದ ಫಲ ಎಂದುಕೊಂಡಿದ್ದರು. ನಾನು ಆ ಗಾಜಿನ ಮುಂದೆ ಬಹಳ ಹೊತ್ತು ನಿಲ್ಲಲಿಲ್ಲ. ಮಗುವಿಗೆ ಚಳಿಯಾಗುತ್ತದೆ ಎಂದು ನೆವ ಹೇಳಿ ಕಾರಿಗೆ ಬಂದುಬಿಟ್ಟೆ.

ಇಷ್ಟರವರೆಗೆ ಅಜ್ಜಿಯ ಪುಸ್ತಕ ಸುಸೂತ್ರ. ಅನ್ಯಾಯಕ್ಕೊಳಗಾದವರ ವಂಶದಲ್ಲಿ ಹುಟ್ಟಿದ್ದೇವೆ ಎನ್ನುವುದರಲ್ಲೂ ಒಂದು ಹೆಮ್ಮೆ ಇರುತ್ತದೆ. ತೊಡಕು ಬಂದದ್ದು ಕಾಗದದ ಕಟ್ಟಿನಿಂದ. ಎಬ್ಬಿಸಲ್ಪಟ್ಟ ಮುತ್ತಜ್ಜನ ತಮ್ಮ ಹೊಟ್ಟೆಪಾಡಿಗೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಡೆಮರಾರಾಕ್ಕೆ ಹೋಗಿದ್ದ. ಈಗ ಅದು ಗಯಾನಾ ದೇಶದಲ್ಲಿದೆ. ಅಲ್ಲಿನ ಕಬ್ಬಿನ ತೋಟದಲ್ಲಿ ಗುಲಾಮರ ಮೇಲೆ ಮೇಸ್ತ್ರಿಯಾದ. ಅಲ್ಲಿಂದ ಅಣ್ಣನಿಗೆ ಹಣ ಕಳಿಸಿದ. ಆ ಹಣದಲ್ಲಿ ಅಣ್ಣ ಕಡಲ ಕರೆಯಲ್ಲಿ ದೋಣಿ ಕೊಂಡು, ನೆರೆಯವರೆಲ್ಲ ಕೆನಡಾಕ್ಕೆ ಹೋದರೂ ತಾನು ಊರಲ್ಲೇ ಉಳಿದ. ಒಂದು ಕಾಗದದಲ್ಲಿ ಸೆಕೆ, ಜ್ವರ, ಅಮ್ಮನ ನೆನಪು ಎಲ್ಲ ಬರೆದು, ಮನೆಯ ಚೌಕಳಿ ಹೊದಿಕೆಯೊಂದನ್ನು ಕಳಿಸಿಕೊಡಲು ಕೇಳಿ, ಕೊನೆಗೆ ಅಡುಗೆಗೆಂದು ಒಬ್ಬ ಹುಡುಗಿಯನ್ನು ಕೊಂಡಿದ್ದೇನೆ ಎಂದು ಬರೆದಿದ್ದ. ಬೆಲೆ ಬರೆದಿದ್ದ. ಹೆಸರು ಬರೆದಿರಲಿಲ್ಲ.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ತೆಗೆಯುವ ಕಾನೂನು ಮಾಡಿದಾಗ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಕೊಟ್ಟದ್ದು ಗುಲಾಮರಿಗಲ್ಲ, ಒಡೆಯರಿಗೆ. 1838ರಿಂದ ಅದೇ ಡೆಮರಾರಾದ ತೋಟಗಳಿಗೆ ನಮ್ಮ ದೇಶದ ಕೂಲಿಗಳನ್ನು ಹಡಗಿನಲ್ಲಿ ತುಂಬಿಕೊಂಡು ಹೋದರು. ಇದೆಲ್ಲ ನನಗೆ ಹೇಳುತ್ತ ಅಜ್ಜಿ ಚಹಾಕ್ಕೆ ಸಕ್ಕರೆ ಹಾಕುವಾಗ ಒಮ್ಮೆ ಕೈ ತಡೆದರು. ಆ ಕಂದು ಸಕ್ಕರೆಯ ಪೊಟ್ಟಣದ ಮೇಲೆ ಡೆಮರಾರಾ ಎಂದೇ ಅಚ್ಚಾಗಿತ್ತು.

ಅವರ ಮಗಳು, ಮದುವೆಯ ಹುಡುಗಿಯ ತಾಯಿ, ಖಂಡಿತ ಬೇಡವೆಂದಳು. ಮದುವೆಯ ಮನೆಯಲ್ಲಿ ಹಂಚುವ ಪುಸ್ತಕ. ಬೀಗರು ಓದುತ್ತಾರೆ. ಇನ್ನೂರು ವರ್ಷದ ಹಿಂದೆ ಯಾರೋ ಮಾಡಿದ್ದಕ್ಕೆ ಈ ಮಕ್ಕಳು ಯಾಕೆ ತಲೆ ತಗ್ಗಿಸಬೇಕು? ಸುಳ್ಳು ಬರೆಯಬೇಡ, ಆ ತಮ್ಮನ ಹೆಸರನ್ನೇ ಬಿಟ್ಟುಬಿಡು ಎಂದಳಂತೆ. ಅಜ್ಜಿ ನನ್ನನ್ನು ಕೇಳಿದರು, 'ನೀವೇನು ಹೇಳುತ್ತೀರಿ?'

ಮಗಳು ಹೇಳಿದ್ದೇ ಸರಿ ಎಂದು ನಾನು ಹೇಳಿದೆ. ಶುಭಕಾರ್ಯದ ಮನೆಯಲ್ಲಿ ಅಶುಭ ಯಾಕೆ ಎಂದೆ. ತಕ್ಷಣ ಬಾಯಿಗೆ ಬಂದ ಮಾತು. ಬಾಯಿಗೆ ಅಷ್ಟು ಬೇಗ ಯಾಕೆ ಬಂತೆಂದು ಮನೆಗೆ ಬಂದ ಮೇಲೆ ತಿಳಿಯಿತು. ನಾಲ್ಕು ವರ್ಷದ ಹಿಂದೆ ನಾನು ಅದನ್ನೇ ಮಾಡಿದ್ದೆ.

ನಮ್ಮ ಕುಟುಂಬದ ನಾಗಬನದ ಜೀರ್ಣೋದ್ಧಾರಕ್ಕೆ ಒಂದು ಸ್ಮರಣ ಸಂಚಿಕೆ ತಂದರು. ಬರೆಯುವವಳೆಂದು ಮನೆತನದ ಚರಿತ್ರೆ ನನ್ನ ಪಾಲಿಗೆ ಬಂತು. ಅಜ್ಜ ದಾನಿಗಳು, ದೈವಭಕ್ತರು, ಭೂಸುಧಾರಣೆಯಲ್ಲಿ ಬಹಳಷ್ಟು ಗದ್ದೆ ಕಳೆದುಕೊಂಡರು ಎಂದು ಬರೆದೆ. ಮೂರೂ ನಿಜ. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಉಳುವವನದೇ ಎಂದು ಕಾನೂನಾಯಿತು. ಅಂಥದೊಂದು ಕಾನೂನು ಬರುತ್ತದೆಂಬ ಸುದ್ದಿ ಮೊದಲೇ ಹಬ್ಬಿತ್ತು. 1973ರಲ್ಲಿ ನನಗೆ ಒಂಬತ್ತು ವರ್ಷ. ಕೆಳಗಿನ ಬೈಲಿನಲ್ಲಿ ಚಾಲಗೇಣಿಗೆ ಕೂತಿದ್ದ ಒಕ್ಕಲನ್ನು ಅಜ್ಜ ಎಬ್ಬಿಸಿದರು. ಬೆಂಕಿ ಇಡಲಿಲ್ಲ. ಮಾಡಿನ ಸೋಗೆ ಇಳಿಸಿದರು, ಮಳೆಗಾಲಕ್ಕೆ ಒಂದು ತಿಂಗಳಿತ್ತು. ಆ ಮನೆಯ ಹೆಂಗಸು ತಲೆಯ ಮೇಲೆ ಪಾತ್ರೆಯ ಗಂಟು, ಕಂಕುಳಲ್ಲಿ ಒಂದು ಹೇಂಟೆ ಇಟ್ಟುಕೊಂಡು ನಮ್ಮ ಅಂಗಳದ ಹೊರಗೆ ಬಂದು ನಿಂತದ್ದು ನನಗೆ ಈಗಲೂ ಕಾಣುತ್ತದೆ. ಅಜ್ಜಿ ಎರಡು ಸೇರು ಅಕ್ಕಿ, ಒಂದು ಹಳೆಯ ಸೀರೆ ಕೊಟ್ಟಳು. ಆ ಹೆಂಗಸು ಅಜ್ಜಿಯ ಕಾಲಿಗೆ ಬಿದ್ದು, 'ನಮ್ಮ ಗ್ರಹಚಾರ ಅಮ್ಮಾ' ಎಂದಳು.

ಕ್ರೋಯಿಕ್ ಇಗರ್ಜಿಯ ಗಾಜಿನ ಮುಂದೆ ನಾನು ಯಾಕೆ ನಿಲ್ಲಲಾರದೆ ಹೋದೆನೆಂದು ಈಗ ನಿಮಗೆ ಗೊತ್ತಾಗಿರಬಹುದು.

ನಮ್ಮ ಕೆನರಾ ಜಿಲ್ಲೆಗೆ ಕಂಪೆನಿಯ ಮೊದಲ ಕಲೆಕ್ಟರಾಗಿ 1799ರಲ್ಲಿ ಬಂದ ಥಾಮಸ್ ಮನ್ರೋ ಗ್ಲಾಸ್ಗೋದವನು. ಗದ್ದೆ ಯಾರದು, ತೀರ್ವೆ ಎಷ್ಟು ಎಂದು ಅವನ ಕಾಲದಿಂದಲೂ ನಮ್ಮಲ್ಲಿ ಕಾಗದ ಉಂಟು. ಒಕ್ಕಲು ಎದ್ದು ಹೋದದ್ದಕ್ಕೆ ನಮ್ಮ ಮನೆಯಲ್ಲಿ ಕಾಗದ ಇಲ್ಲ. ನಾನು ಬರೆದಿದ್ದರೆ ಇರುತ್ತಿತ್ತು. ಪೂರ್ವಜರ ಹೊಲ, ಒಡವೆ, ಅಡುಗೆ, ಹಾಡು ಎಲ್ಲವೂ ನಮ್ಮದೆಂದು ತೆಗೆದುಕೊಳ್ಳುವಾಗ ಅವರು ಮಾಡಿದ್ದು ಮಾತ್ರ ನಮ್ಮದಲ್ಲ ಎನ್ನಲು ಬರುತ್ತದೆಯೆ? ತಪ್ಪು ನಮ್ಮದಲ್ಲ, ನಿಜ. ಆದರೆ ಆ ಗದ್ದೆಯ ಅಕ್ಕಿ ಮಾರಿದ ದುಡ್ಡಿನಲ್ಲೇ ನಾನು ಕಾಲೇಜು ಓದಿದ್ದು. ಓದಿದ್ದರಿಂದ ಬರೆಯಲು ಬಂತು. ಬರೆಯಲು ಬಂದದ್ದರಿಂದ ಸ್ಮರಣ ಸಂಚಿಕೆಯ ಕೆಲಸ ನನ್ನ ಪಾಲಿಗೆ ಬಂತು. ಹಾಗಂತ ಅಜ್ಜನನ್ನು ದ್ವೇಷಿಸಲು ನನ್ನಿಂದ ಆಗುವುದಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಯಕ್ಷಗಾನಕ್ಕೆ ಕರೆದೊಯ್ದದ್ದು ಅವರೇ. ಇವೆರಡನ್ನೂ ಒಂದೇ ಪುಟದಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಸುಲಭದ್ದನ್ನು ಬರೆದಿದ್ದೆ.

ಮಾರನೆಯ ದಿನ ಅಜ್ಜಿಯ ಅಡುಗೆಮನೆಯಲ್ಲಿ ಕೂತು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. 'ಅವಳ ಹೆಸರು ನೆನಪಿದೆಯೆ?' ಎಂದು ಮಾತ್ರ ಕೇಳಿದರು. ನಾವೆಲ್ಲ ಅವಳನ್ನು ಬೈಲಿನವಳು ಎಂದೇ ಕರೆಯುತ್ತಿದ್ದೆವು.

ಮದುವೆ ಆಗಸ್ಟಿನಲ್ಲಿ ಆಯಿತು. ಮದುಮಗ ಆ ಕಟ್ಟುಕಥೆಯ ಚೌಕಳಿಯಲ್ಲಿ ಚೆನ್ನಾಗಿಯೇ ಕಂಡ. ಹುಡುಗಿ ಅಜ್ಜಿಯ ಹೊದಿಕೆಯನ್ನು ಹೆಗಲಿಗೆ ಹೊದ್ದಿದ್ದಳು. ಊಟದ ನಂತರ ಪುಸ್ತಕ ಹಂಚಿದರು. ನಾನು ಮೂಲೆಯಲ್ಲಿ ಕೂತು ಡೆಮರಾರಾದ ಪುಟ ಹುಡುಕಿದೆ. ತಮ್ಮನ ಹೆಸರು ಇತ್ತು, ಅವನು ಮಾಡಿದ ಕೆಲಸ ಇತ್ತು, ಅವನ ಹಣದಿಂದ ಕೊಂಡ ದೋಣಿಯೂ ಇತ್ತು. ಕೊನೆಯಲ್ಲಿ, ಆತ ಕೊಂಡ ಹುಡುಗಿಯ ಹೆಸರು ಕಾಗದದಲ್ಲಿಲ್ಲ ಎಂದು ಒಂದು ಸಾಲು. ಬೇರೆ ವ್ಯಾಖ್ಯಾನ ಇಲ್ಲ. ಅಜ್ಜಿಯ ಮಗಳು ಆ ದಿನವೆಲ್ಲ ತಾಯಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೀಗರ ಪೈಕಿ ಒಬ್ಬ ಮುದುಕರು ಮಾತ್ರ ಬಂದು, 'ನಮ್ಮಲ್ಲೂ ಒಬ್ಬ ಇದ್ದ' ಎಂದು ಹೇಳಿ ಅಜ್ಜಿಯ ಪಕ್ಕದಲ್ಲಿ ಬಹಳ ಹೊತ್ತು ಕೂತರು.

ಊರಿಗೆ ಬಂದ ಮೇಲೆ ಅಣ್ಣನ ಹತ್ತಿರ ಮಾತು ತೆಗೆದೆ. ಅವನು ತುಸು ಹೊತ್ತು ಸುಮ್ಮನಿದ್ದು, 'ಅವಳು ಸತ್ತು ವರ್ಷಗಳಾದವು. ಅವಳ ಮಗ ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಹೋಟೆಲ್ ಇಟ್ಟಿದ್ದಾನೆ. ಹೆಸರು ಕೇಳುವುದಾದರೆ ನೀನೇ ಹೋಗಿ ಕೇಳು, ನನ್ನಿಂದಾಗುವುದಿಲ್ಲ' ಎಂದ.

ಎರಡು ಸಲ ಹೋದೆ. ಗಲ್ಲೆಯಲ್ಲಿ ಅವನೇ ಇದ್ದ, ತಾಯಿಯದೇ ಮುಖ. ನನ್ನ ಗುರುತು ಅವನಿಗೆ ಹತ್ತಲಿಲ್ಲ, ಅಥವಾ ಹತ್ತಿಯೂ ಸುಮ್ಮನಿದ್ದನೋ ತಿಳಿಯದು. ಚಹಾ ಕುಡಿದು ದುಡ್ಡು ಕೊಟ್ಟು ಬಂದಿದ್ದೇನೆ.